ಕರೆಯಬಾರದ ಹೆಸರು

ನಜರ್‌ಬಾದಿನ ಹಲ್ಲಿನ ಡಾಕ್ಟರ ಷಾಪಿನಲ್ಲಿ ನನ್ನ ಪಕ್ಕ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಗಂಡನ ಕೆನ್ನೆ ಊದಿತ್ತು, ಮಾತು ಮಾತ್ರ ನಿಂತಿರಲಿಲ್ಲ.

“ನನ್ನ ಕಾದಂಬರಿಯ ಚೀನೀ ವ್ಯಾಪಾರಿಗೆ ಕೊನೆಗೂ ಹೆಸರು ಸಿಕ್ತು ಕಣೇ. ಸಾವಿರ ವರ್ಷದ ಹಿಂದೆ ಅಲ್ಲಿ ನಿಜವಾಗ್ಲೂ ಇಡ್ತಿದ್ದ ಹೆಸರು.”

“ಎರಡು ವರ್ಷ ಹುಡುಕಿದ್ದು ಸಾರ್ಥಕವಾಯ್ತು. ಇನ್ನಾದ್ರೂ ಬರೀರಿ.”

“ಎಲ್ಲಿ ಬರೆಯೋದು? ದೊಡ್ಡವನಾದ ಮೇಲೆ ಆ ಹೆಸರಿಂದ ಅಪ್ಪ ಅಮ್ಮನಂಥ ಹಿರಿಯರು ಮಾತ್ರ ಕರೀಬಹುದಂತೆ. ಬೇರೆಯವರು ಕರೆದ್ರೆ ಅವಮಾನವಂತೆ.”

“ಅಪ್ಪ ಅಮ್ಮನೇ ಕರೀಲಿ ಬಿಡಿ.”

“ಅವರನ್ನ ಮೊದಲನೇ ಪುಟದಲ್ಲೇ ಸಾಯಿಸ್ಬುಟ್ಟಿದ್ದೀನಿ.”

“ನೀವು ಬರೆದಿರೋದೇ ಒಂದು ಪುಟ ಅಲ್ವಾ?”

“ಹ್ಞೂಂ. ಅದ್ರಲ್ಲಿ ಚೆನ್ನಾಗಿ ಬಂದಿರೋದು ಆ ಸಾವೇ.”

“ಅವನ ಹೆಂಡತಿ ಕರೀಬಾರ್ದಾ?”

“ಗಂಡನ ಹೆಸರು ಹಿಡಿದು ಕರೀತಾಳೇನೇ?”

“ಇಷ್ಟಕ್ಕೆ ಚೀನಾವರೆಗೂ ಹೋದ್ರಾ? ಅಡುಗೆಮನೇಲಿ ನಾನಿರ್ಲಿಲ್ವಾ?”

ಅಷ್ಟರಲ್ಲಿ ನರ್ಸ್ ಬಂದು ಆಕೆಯನ್ನು ಕೇಳಿದಳು. “ಯಜಮಾನ್ರ ಹೆಸರೇನಮ್ಮಾ?”

“ಅವರನ್ನೇ ಕೇಳಮ್ಮ.”

“ಬೆಟ್ಟಯ್ಯ,” ಎಂದರು ಅವರು ಎದ್ದು ನಿಂತು. “ಒಂದ್ಸಲ ಜೋರಾಗಿ ಕರೀರಿ ಸಿಸ್ಟರ್. ನಮ್ಮವ್ವ ಹೋದ ಮೇಲೆ ಮನೇಲಿ ಯಾರೂ ಕರೆದಿಲ್ಲ.”

ನರ್ಸ್ ಕರೆದಳು. ಇಬ್ಬರೂ ಒಳಗೆ ಹೋದರು.