ಅಂಗೈಯಿಂದ ಜಾರಿದ್ದು

“ರಾತ್ರಿ ಪೂಜೆ ಕೋಣೇಲಿ ಟಕ್ ಅಂತ ಸದ್ದಾಯ್ತಲ್ಲ, ಬೆಕ್ಕು ಅಂದ್ರಿ. ನಮ್ಮನೇಲಿ ಬೆಕ್ಕೆಲ್ಲಿದೆ ಕಣ್ರೀ?”

ಯಾದವಗಿರಿಯ ನರ್ಸಿಂಗ್ ಹೋಮಿನಲ್ಲಿ ಕಾಯುತ್ತಿದ್ದ ವಿಶಾಲಾಕ್ಷಿ, ಪಕ್ಕದ ಬೆಂಚಿನ ಗಂಡ ಹೆಂಡತಿಯತ್ತ ಕಿವಿಗೊಟ್ಟಳು.

“ಪಕ್ಕದ್ಮನೇದು ಕಣೇ.”

“ನೀವು ಲಿಂಗಪೂಜೆಗೆ ಕೂತಾಗಲೇ ಬಂತಾ?”

ಗಂಡ ನಗಲು ಹೋಗಿ ತಡೆದುಕೊಂಡರು. “ಎಡಗೈ ಸ್ವಾಧೀನ ತಪ್ಪಿ ಇಷ್ಟಲಿಂಗ ಕೆಳಕ್ಕೆ ಜಾರ್ಬುಡ್ತು, ಮಂಜುಳಾ. ಎಂಥ ಅಪಚಾರ! ಡಾಕ್ಟ್ರಿಗೂ ಹೇಳ್ಬೇಡ.”

“ಗಂಟಲ ಕ್ಯಾನ್ಸರ್‌ಗೆ ಅವತ್ತು ರೇಡಿಯೇಶನ್ ಕರೆಂಟ್ ಕೊಟ್ಟಿದ್ದಕ್ಕೆ ಈಗ ಕತ್ತಿನ ರಕ್ತನಾಳ ಕಟ್ಕೊಂಡಿರ್ಬೋದು, ಕೈಕಾಲು ಸೋತ್ರೆ ಹೇಳಿ ಅಂದಿಲ್ವಾ ಅವ್ರು? ಕೈ ಸೋತಿದ್ದು ಹೇಳಿ. ಬಿದ್ದಿದ್ದು ಕಾಫಿ ಲೋಟ ಅನ್ನಿ.”

“ಸುಳ್ಳಲ್ವೇನೇ?”

“ನಿಮ್ಮ ಬೆಕ್ಕಿಗಿಂತ ಚಿಕ್ಕದು ಬಿಡಿ.”

“ಪ್ರಭುಸ್ವಾಮಿ!” ನರ್ಸ್ ಕೂಗಿದಳು. ಮಂಜುಳಮ್ಮ ಗಂಡನ ಎಡಗೈಯನ್ನೇ ಹಿಡಿದು ಒಳಗೆ ಕರೆದೊಯ್ದರು.

ಕೇಳಿದ್ದನ್ನೆಲ್ಲ ಮನೆಯಲ್ಲಿ ಒಪ್ಪಿಸುವ ವಿಶಾಲಾಕ್ಷಿ, ಇದನ್ನು ಮಾತ್ರ ಯಾರಿಗೂ ಹೇಳಬಾರದೆಂದುಕೊಂಡಳು.