ಎಡೆಂಟ್ಯುಲಸ್ ಎಂದು ಬರೆದಿದ್ದ ಹೆಂಗಸಿನ ಬಗ್ಗೆ

ನಾನು, ವಯಸ್ಸು ಮೂವತ್ತೆಂಟು, ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಟೈಲರ್, ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ವಾಸ, ನಿನ್ನೆ ಕಾಣೆಯಾಗಿದ್ದ ಹೆಂಗಸಿನ ಸೊಸೆ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಆಸ್ಪತ್ರೆಯಲ್ಲಿರುವುದು ತನ್ನ ತಾಯಿಯಲ್ಲ ಎಂದು ನನ್ನ ಗಂಡ ಫೋನಿನಲ್ಲಿ ಹೇಳಿದ್ದು ಹೆತ್ತವಳನ್ನು ಕೈಬಿಡುವ ಉದ್ದೇಶದಿಂದ ಅಲ್ಲ. ತಾವು ಹಾಗೆ ಕೇಳಿದ್ದಕ್ಕೆ ನನಗೆ ಹೊಟ್ಟೆ ಉರಿದಿದೆ, ಅದನ್ನೂ ಬರೆದುಕೊಳ್ಳಬೇಕು.

ಅತ್ತೆಯ ಬಾಯಲ್ಲಿ ಸ್ವಂತದ್ದು ಒಂದೂ ಹಲ್ಲಿಲ್ಲ. ಲಾರಿ ಓಡಿಸುವ ನನ್ನ ಗಂಡ ತಿಂಗಳುಗಟ್ಟಲೆ ಹೊರಗಿದ್ದಾಗ ಎಲ್ಲ ಕೀಳಿಸಿ ಕಟ್ಟಿಸಿದ ಹಲ್ಲಿನ ಪೂರ್ತಿ ಸೆಟ್ ಹಾಕಿಸಿದ್ದೆವು. ಅಮ್ಮನ ಹಲ್ಲು ಮುತ್ತಿನ ಹಾಗೆ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುವ ಮನುಷ್ಯ ಅವರು. ಮಗನಿಗೆ ಹೇಳಕೂಡದೆಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಮೊನ್ನೆ ಸೆಟ್ ಬಿರುಕು ಬಿಟ್ಟಿತು, ಹಲ್ಲಿನ ಡಾಕ್ಟರ ಬಳಿ ರಿಪೇರಿಗೆ ಕೊಟ್ಟೆ. ನಿನ್ನೆ ಸಂಜೆ ಐದೂವರೆಗೆ ಅದನ್ನು ತೆಗೆದುಕೊಂಡು ಮನೆಗೆ ಬಂದರೆ ಅತ್ತೆ ಇಲ್ಲ. ರಾತ್ರಿ ಮಗ ಬರುವವರಿದ್ದರು. ಅಷ್ಟರೊಳಗೆ ತಾನೇ ತಂದುಕೊಳ್ಳೋಣವೆಂದು ಬಾಯಿಗೆ ಶಾಲು ಅಡ್ಡ ಹಿಡಿದು ಹೊರಟಿರಬೇಕು. ಗಂಡ ಬಂದಮೇಲೆ ಇಲ್ಲಿಗೆ ಬಂದು ದೂರು ಕೊಟ್ಟೆವು. ಆಗ ಹಲ್ಲಿನ ವಿಷಯ ನಾನು ಹೇಳಲಿಲ್ಲ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ತಾವು ಕೊಟ್ಟ ಆಸ್ಪತ್ರೆಯ ನಂಬರಿಗೆ ಗಂಡ ಫೋನ್ ಮಾಡಿದರು. ಬೈಕ್ ತಾಗಿ ಕಾಲು ಮುರಿದ, ಮಾತನಾಡದ, ಎಡೆಂಟ್ಯುಲಸ್ ಆದ ವಯಸ್ಸಾದ ಹೆಂಗಸು ಎಂದು ಡಾಕ್ಟರು ಓದಿದರಂತೆ. ಹಾಗೆಂದರೇನು ಎಂದು ಗಂಡ ಕೇಳಿದರು. ಬಾಯಲ್ಲಿ ಒಂದೂ ಹಲ್ಲು ಉಳಿಯದವರಿಗೆ ಕೇಸ್ ಶೀಟಿನಲ್ಲಿ ಹಾಗೆ ಬರೆಯುತ್ತೇವೆ ಎಂದರಂತೆ. ಯಾರೂ ಬರದಿದ್ದರೆ ಮಧ್ಯಾಹ್ನ ಬೇರೆ ಊರಿನ ಆಸ್ಪತ್ರೆಗೆ ಸಾಗಿಸುವುದಾಗಿಯೂ ಹೇಳಿದರಂತೆ. ಅಬ್ಬಾ, ನಮ್ಮಮ್ಮ ಅಲ್ಲ ಎಂದು ಗಂಡ ಫೋನ್ ಇಟ್ಟು, ಇದೆಲ್ಲ ನನಗೆ ಹೇಳಿ, ನಿನ್ನೆಯಿಂದ ಮೊದಲ ಬಾರಿಗೆ ಚಹಾ ಕೇಳಿದರು.

ಕೊಟ್ಟ ಮಾತು ಹಾಳಾಗಿ ಹೋಗಲಿ ಎನ್ನಿಸಿತು.

"ರೀ, ಅದು ಅತ್ತೆನೇ. ಅವರಿಗೆ ಹಲ್ಲಿಲ್ಲ."

ತಲೆ ಕೆಟ್ಟಿದೆಯಾ ನಿನಗೆ ಎಂದು ಬೈದರು. ಚೀಲದಿಂದ ಸೆಟ್ಟಿದ್ದ ಡಬ್ಬಿ ತೆಗೆದು ಕೈಗಿಟ್ಟೆ. ತೆರೆದು ನೋಡಿದವರು ಡಬ್ಬಿ ನನಗೆ ವಾಪಸ್ ಕೊಟ್ಟು ಚಪ್ಪಲಿ ಹಾಕಿಕೊಂಡರು.

ವಾರ್ಡಿನಲ್ಲಿ ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮಲಗಿದ್ದರು. ಹೆಸರು ಕೇಳಿದರೂ ಬಾಯಿ ಬಿಡದ್ದರಿಂದ ಮೂಗಿ ಎಂದುಕೊಂಡಿದ್ದಾಗಿ ನರ್ಸ್ ಹೇಳಿದರು. ನನ್ನನ್ನು ಕಂಡು ಅತ್ತೆ ಕೈ ತೆಗೆದರು.

"ಅವನಿಗೆ ಗೊತ್ತಾಗ್ಲಿಲ್ಲ ತಾನೆ?"

ಇಲ್ಲ ಎಂದೆ. ಪರದೆಯ ಆಚೆ ನಿಂತಿದ್ದ ಗಂಡ ಸದ್ದಾಗದಂತೆ ಹಿಂದೆ ಸರಿದರು. ಅತ್ತೆ ಸೆಟ್ ಹಾಕಿಕೊಂಡ ಮೇಲೆ ಗಂಡ, ಆಗಷ್ಟೇ ಓಡಿ ಬಂದವರ ಹಾಗೆ ಏದುಸಿರು ಬಿಡುತ್ತ ಒಳಗೆ ಬಂದರು.

ಅತ್ತೆಯ ಹೇಳಿಕೆ ಪಡೆಯಲು ಹೋದಾಗ ಹಲ್ಲಿನ ಮಾತು ಎತ್ತಬಾರದೆಂದು ಕೋರುತ್ತೇನೆ. ಅವರಿಗೆ ಹೇಳಿದ ಆ ಒಂದು ಸುಳ್ಳು ಬಿಟ್ಟರೆ ಮೇಲೆ ಬರೆಸಿದ್ದೆಲ್ಲ ನಿಜ. ಓದಿಸಿ ಕೇಳಿ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇಂದು, ಸಂಜೆ ನಾಲ್ಕು ಗಂಟೆ
ಸಹಿ (ಸೊಸೆ)