ಹೊರಗೆ ಉಗುಳಿದ ಸಿಡಿ

ಪಟ್ಟಂ ಬಸ್‌ಸ್ಟಾಪಿನ ಮಲಯಾಳಂ ಗದ್ದಲದ ನಡುವೆ ಕಾಸರಗೋಡಿನ ಕನ್ನಡ ಕೇಳಿದ್ದೇ ತಡ, ವಿಜೇತಾಳ ಕಿವಿ ನೆಟ್ಟಗಾಯಿತು. ಇಬ್ಬರು ಗೆಳೆಯರು ಪಕ್ಕದಲ್ಲೇ ನಿಂತಿದ್ದರು.

“ಕಂಪ್ಯೂಟರಿಗೆ ಸಿಡಿಯಿಂದ ಲಿನಕ್ಸ್ ಐದು ಸಲ ಹಾಕಿದೆ ಇಬ್ರಾಹಿಂ. ಮುಗೀತು ಅನ್ನುವಾಗ ಪುನಃ ಮೊದಲಿಂದ ಶುರು!”

“ಕೊನೆಗೆ ಎಂತ ಆಗ್ತದೆ ಮಹಾಬಲ?”

“ಸಿಡಿಯನ್ನು ಹೊರಗೆ ಉಗುಳ್ತದೆ. ನಾನು ಬಿಡ್ತೇನಾ? ಪುನಃ ಒಳಗೆ ದೂಡ್ತೇನೆ.”

“ಅಯ್ಯೋ ಮಾರಾಯ! ಕೆಲಸ ಮುಗೀತು, ಸಿಡಿ ತೆಗಿ ಅಂತ ಅದು ಕೊಡುವುದು. ಉಂಡು ಕೈ ತೊಳೆದವನಿಗೆ ಪುನಃ ಬಾಳೆಲೆ ಹಾಕಿದ ಹಾಗಾಯ್ತು!”

“ಹಾಗಾದ್ರೆ ಎರಡು ದಿನ ನಾನು ಅದಕ್ಕೆ ಬೈದದ್ದು?”

“ಮನೆಗೆ ಹೋಗಿ ತಪ್ಪಾಯ್ತು ಅನ್ನು.”

ನಗುತ್ತಾ ಇಬ್ಬರೂ ಬಸ್ಸು ಹತ್ತಿದರು. ವಿಜೇತಾಳಿಗೂ ಅದೇ ಬಸ್ಸು. ಅವಳು ಹತ್ತದೆ ಆಫೀಸಿನತ್ತ ತಿರುಗಿದಳು. ತನ್ನ ಕಂಪ್ಯೂಟರಿಗೂ ಲಿನಕ್ಸ್ ಹಾಕುವಾಗ ಸಿಡಿ ಹೊರಬಾರದಂತೆ ಬೆಳಿಗ್ಗೆ ತಾನೇ ಅಂಟಿಸಿದ್ದ ಟೇಪನ್ನು ಯಾರೂ ನೋಡುವ ಮೊದಲೇ ಕೀಳಬೇಕಿತ್ತು.